ಬಯಕೆಗೂ ಮುಂಚಿನ ಮಾತು

(ಕುಟುಂಬದೊಳಗೆ ಹೆಣ್ಣಿನ ಅಧಿಕಾರ ಮತ್ತು ಮಕ್ಕಳ ತೀರ್ಮಾನ ಕುರಿತು ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಈ ದತ್ತಿ ಒಬ್ಬ ತಾಯಿಯ ಹೆಸರಿನಲ್ಲಿದೆ. ನಮ್ಮ ಊರುಗಳಲ್ಲಿ ತಾಯಂದಿರ ಹೆಸರಿನಲ್ಲಿ ಛತ್ರಗಳಿವೆ, ಶಾಲೆಯ ಕೊಠಡಿಗಳಿವೆ, ಅರವಟ್ಟಿಗೆಗಳಿವೆ. ತಾಯ್ತನವನ್ನು ಹೊಗಳುವುದರಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ. ಆದರೆ ಆ ಹೆಂಗಸು ತಾಯಿಯಾಗುವ ಮೊದಲು ಮನೆಯಲ್ಲಿ ಯಾರಾದರೂ ಅವಳನ್ನು ಒಂದು ಮಾತು ಕೇಳಿದ್ದರೇ? ಇವತ್ತು ನಾನು ಮಾತಾಡಬೇಕೆಂದಿರುವುದು ಇಷ್ಟನ್ನೇ.

ನಾನು ಬಿ.ಎ. ಓದುತ್ತಿದ್ದಾಗ ನಮಗೆ ಜನಸಂಖ್ಯಾಶಾಸ್ತ್ರದ ಒಂದು ಪತ್ರಿಕೆ ಇತ್ತು. ಆನ್ಸ್‌ಲಿ ಕೋಲ್ ಎಂಬ ವಿದ್ವಾಂಸ 1973ರಲ್ಲಿ ಹೇಳಿದ್ದನ್ನು ಮೇಷ್ಟ್ರು ಬರೆಸಿದ್ದರು. ಒಂದು ಸಮಾಜದಲ್ಲಿ ಜನನ ಪ್ರಮಾಣ ಇಳಿಯಬೇಕಾದರೆ ಮೂರು ಷರತ್ತುಗಳು ಈಡೇರಬೇಕು. ಅದರಲ್ಲಿ ಮೊದಲನೆಯದು, ಮಕ್ಕಳೆಷ್ಟು ಎಂಬುದು ಮನುಷ್ಯರು ಯೋಚಿಸಿ ತೀರ್ಮಾನಿಸಬಹುದಾದ ವಿಷಯ ಎಂದು ಜನರಿಗೆ ಅನ್ನಿಸಬೇಕು. ರಜೆಗೆ ಊರಿಗೆ ಹೋದವಳು ಇದನ್ನು ಅಜ್ಜಿಯ ಮೇಲೆ ಪ್ರಯೋಗಿಸಿದೆ. ಅಪ್ಪನ ತಾಯಿ ಅವಳು. ಹಿತ್ತಲ ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. “ಅಜ್ಜೀ, ನಿಂಗೆಷ್ಟು ಮಕ್ಕಳು ಬೇಕಿತ್ತು?” ಅಂದೆ. ಅವಳಿಗೆ ಕಿವಿ ಚೆನ್ನಾಗಿತ್ತು, ಪ್ರಶ್ನೆ ಅರ್ಥವಾಗಲಿಲ್ಲ. “ಒಂಬತ್ತು ಹೆತ್ತೆ, ಐದು ದಕ್ಕಿತು” ಅಂದಳು. ಅದಲ್ಲ, ಎಷ್ಟು ಬೇಕು ಅಂತ ಆಸೆ ಇತ್ತು ಎಂದು ಮತ್ತೆ ಕೇಳಿದೆ. ಬೀಜ ಬಿಡಿಸುತ್ತಿದ್ದ ಕೈ ನಿಂತಿತು. “ಈ ವರ್ಷ ಎಷ್ಟು ಮಳೆ ಬೇಕು ಅಂತ ಯಾರಾದ್ರೂ ಬಂದು ನಮ್ಮನ್ನ ಕೇಳ್ತಾರೇನೇ?” ಅಂದು ನಕ್ಕಳು.

ಮೇಷ್ಟ್ರು ಬರೆಸಿದ ಪಾಠ ನನಗೆ ಅರ್ಥವಾದದ್ದು ಅವತ್ತು.

1. ಬೀಗದ ಕೈ

ಅಜ್ಜಿಯನ್ನು ನಾನು ಕಂಡಾಗಲೆಲ್ಲ ಅವಳ ಸೊಂಟದಲ್ಲಿ ಬೀಗದ ಕೈ ಗೊಂಚಲು ಇರುತ್ತಿತ್ತು. ಉಗ್ರಾಣದ್ದು, ಅಟ್ಟದ್ದು, ಹಣವಿಡುವ ಪೆಟ್ಟಿಗೆಯದು. ಬೆಲ್ಲದ ಅಚ್ಚು ಹೊರಗೆ ಬರಬೇಕಾದರೂ ಆ ಗೊಂಚಲಿನ ಸದ್ದಾಗಬೇಕು. ಅವಳಿಗೆ ಆ ಗೊಂಚಲು ಸಿಕ್ಕಿದ್ದು ಅವಳ ಅತ್ತೆ ತೀರಿಕೊಂಡ ಮೇಲೆ, ನಲವತ್ತರ ಹತ್ತಿರ. ಅಷ್ಟು ಹೊತ್ತಿಗೆ ಅವಳ ಒಂಬತ್ತೂ ಹೆರಿಗೆ ಮುಗಿದಿದ್ದವು. ಮನೆಯಲ್ಲಿ ಅವಳ ಮಾತು ನಡೆಯತೊಡಗಿದಾಗ, ಅವಳ ಮೈಯ ಬಗ್ಗೆ ನಡೆಸುವ ಮಾತು ಏನೂ ಉಳಿದಿರಲಿಲ್ಲ.

ಆಮೇಲೆ ಆ ಅಧಿಕಾರ ನಡೆದದ್ದು ನನ್ನ ಅಮ್ಮನ ಮೇಲೆ.

ಅಮ್ಮನಿಗೆ ಮೊದಲ ಮೂರೂ ಹೆಣ್ಣು. ಮೂರನೆಯದಾದ ಮೇಲೆ ಆಪರೇಷನ್ ಮಾಡಿಸಿಕೊಳ್ಳುತ್ತೇನೆ ಅಂದಳಂತೆ. ಅಜ್ಜಿ ಜಗಳವಾಡಲಿಲ್ಲ, ಕೂಗಾಡಲಿಲ್ಲ. “ವಂಶಕ್ಕೊಂದು ಆಗಲಿ, ಆಮೇಲೆ ನೋಡೋಣ” ಅಂದಳು, ಅಷ್ಟೆ. ಅಪ್ಪ ತಲೆಯೆತ್ತಲಿಲ್ಲ. ಹೀಗೆ ನಾಲ್ಕನೆಯದು ಹುಟ್ಟಿತು. ಅದೂ ಹೆಣ್ಣು. ಆ ನಾಲ್ಕನೆಯದು ಈಗ ನಿಮ್ಮೆದುರು ನಿಂತು ಉಪನ್ಯಾಸ ಕೊಡುತ್ತಿದೆ.

ನಮ್ಮಲ್ಲಿ ಚೊಚ್ಚಲ ಹೆರಿಗೆ ತೌರಿನಲ್ಲಿ. ಆಮೇಲಿನವಕ್ಕೆ ಆ ಕಟ್ಟುಪಾಡಿಲ್ಲ. ಆದರೂ ನಾಲ್ಕನೆಯದಕ್ಕೆ ತೌರಿಗೇ ಹೋಗುತ್ತೇನೆಂದು ಅಮ್ಮ ಹಟ ಹಿಡಿದಳು. ತೌರು ಗಾಡಿ ದಾರಿಯಲ್ಲಿ ಆರು ಮೈಲಿ. ಹೆರಿಗೆಯಾದ ವಾರದೊಳಗೆ ಅವಳ ಅಣ್ಣ ಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿ ಗಂಡನ ರುಜು ಬೇಕು ಅಂದರು. ಮಾವ ಕಾಗದ ಹಿಡಿದು ಸೈಕಲ್ಲಿನಲ್ಲಿ ನಮ್ಮೂರಿಗೆ ಬಂದ, ಅಪ್ಪ ರಾಗಿ ಹೊಲದ ಬದುವಿನಲ್ಲಿ ನಿಂತುಕೊಂಡೇ ರುಜು ಹಾಕಿದ, ಅಜ್ಜಿಗೆ ಹೇಳಿದ್ದು ಆರು ತಿಂಗಳಾದ ಮೇಲೆ. ಗಂಡಸರದು ಇನ್ನೂ ಹಗುರವಾದ ಆಪರೇಷನ್ ಎಂದು ಡಾಕ್ಟರು ಹೇಳಿ ಕಳಿಸಿದ್ದರಂತೆ. “ಆ ಮಾತು ಮಾತ್ರ ನಿಮ್ಮಪ್ಪನ ಕಿವಿಗೆ ಬೀಳಲೇ ಇಲ್ಲ” ಎಂದು ಅಮ್ಮ ನಗುತ್ತಿದ್ದಳು.

ನಾನು ಮುಂದೆ ಹೇಳುವುದೆಲ್ಲ ಈ ಕತೆಯ ಸುತ್ತಲೇ ಇದೆ. ನಮ್ಮ ಕುಟುಂಬಗಳಲ್ಲಿ ಹೆಣ್ಣಿಗೆ ಅಧಿಕಾರ ಇರಲೇ ಇಲ್ಲ ಎನ್ನುವವರು ಅತ್ತೆಯಂದಿರನ್ನು ಕಂಡಿಲ್ಲ. ಅಧಿಕಾರ ಇತ್ತು. ಅದು ಹೆತ್ತದ್ದಕ್ಕೆ, ಅದರಲ್ಲೂ ಗಂಡು ಹೆತ್ತದ್ದಕ್ಕೆ, ಕೂಲಿಯಂತೆ ತಡವಾಗಿ ಬರುತ್ತಿತ್ತು. ತೀರ್ಮಾನದ ಹೊತ್ತು ದಾಟಿದ ಮೇಲೆ ಬಂದ ಆ ಅಧಿಕಾರ ಖರ್ಚಾಗುತ್ತಿದ್ದದ್ದು ಮುಂದಿನ ಹೆಣ್ಣಿನ ತೀರ್ಮಾನದ ಮೇಲೆ. “ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ” ಎಂಬ ಗಾದೆಯನ್ನು ನಾವು ಸಮಾಧಾನಕ್ಕೆಂದು ಹೇಳುತ್ತೇವೆ. ಸೊಸೆಯ ಕಾಲ ಬರುವ ಹೊತ್ತಿಗೆ ಅವಳೂ ಅತ್ತೆಯಾಗಿರುತ್ತಾಳೆ ಎಂಬುದು ಆ ಗಾದೆಯ ಒಳಗುಟ್ಟು.

2. ‘ಅತ್ತೆ’ ಎಂಬ ಒಂದು ಪದ, ಎರಡು ನೆಂಟಸ್ತಿಕೆ

1988ರಲ್ಲಿ ಡೆನಿಜ್ ಕಾಂಡಿಯೋಟಿ ಎಂಬ ಸಮಾಜವಿಜ್ಞಾನಿ ತಡವಾಗಿ ಬರುವ ಅಧಿಕಾರದ ಈ ಏರ್ಪಾಡನ್ನು ಪಿತೃಪ್ರಧಾನ ವ್ಯವಸ್ಥೆಯೊಡನೆ ಹೆಣ್ಣು ಮಾಡಿಕೊಳ್ಳುವ ಚೌಕಾಸಿ ಎಂದು ಕರೆದರು. ಹೊಸ ಮನೆಗೆ ಬರಿಗೈಯಲ್ಲಿ ಬಂದ ಹುಡುಗಿ ಗಂಡು ಹೆತ್ತು ನೆಲೆಯೂರುತ್ತಾಳೆ, ಮಗನ ಮೂಲಕ ಮುಂದೆ ಯಜಮಾನಿಕೆ ಪಡೆಯುತ್ತಾಳೆ. ಹಾಗಾಗಿ ಮಗನ ಮೇಲಿನ ಹಿಡಿತ ಬಿಡಲು ಅವಳಿಂದ ಆಗುವುದಿಲ್ಲ. ಹೆಂಗಸೇ ಹೆಂಗಸಿಗೆ ಶತ್ರು ಎಂಬ ಸೋಮಾರಿ ಮಾತಿಗೆ ಇದು ಉತ್ತರ. ನನ್ನ ಅಜ್ಜಿ ಕೆಟ್ಟವಳಾಗಿರಲಿಲ್ಲ. ನಡುವಯಸ್ಸಿನವರೆಗೆ ದುಡಿದು ಗಳಿಸಿದ ಏಕೈಕ ಆಸ್ತಿಯನ್ನು ಕಾಯುತ್ತಿದ್ದಳು.

ಆದರೆ ಇಡೀ ದೇಶದಲ್ಲಿ ಈ ಚೌಕಾಸಿ ಒಂದೇ ತೆರನಾಗಿರಲಿಲ್ಲ. ಇರಾವತಿ ಕರ್ವೆ 1953ರಲ್ಲಿ ಪ್ರಕಟಿಸಿದ ಬಂಧುತ್ವ ವ್ಯವಸ್ಥೆಯ ಅಧ್ಯಯನದಲ್ಲಿ ಉತ್ತರ ದಕ್ಷಿಣಗಳ ವ್ಯತ್ಯಾಸವನ್ನು ಬಿಡಿಸಿಟ್ಟರು. 1983ರಲ್ಲಿ ಟಿಮ್ ಡೈಸನ್ ಮತ್ತು ಮಿಕ್ ಮೂರ್ ಅದನ್ನು ಜನನ ಪ್ರಮಾಣಕ್ಕೆ ಜೋಡಿಸಿದರು. ಉತ್ತರದಲ್ಲಿ ಹೆಣ್ಣನ್ನು ದೂರದ, ರಕ್ತಸಂಬಂಧವಿಲ್ಲದ ಊರಿಗೆ ಕೊಡುತ್ತಾರೆ. ತೌರಿನ ಬಳಕೆ ತೆಳುವಾಗುತ್ತದೆ. ದಕ್ಷಿಣದಲ್ಲಿ ಸೋದರಮಾವನಿಗೋ ಅತ್ತೆಯ ಮಗನಿಗೋ ಪಕ್ಕದ ಊರಿಗೋ ಕೊಡುವುದು ರೂಢಿ. ಹಾಗಾಗಿ ಹೆಣ್ಣಿಗೆ ಬೆನ್ನ ಹಿಂದೆ ಜನ ಇರುತ್ತಾರೆ. ದಕ್ಷಿಣದಲ್ಲಿ ಜನನ ಪ್ರಮಾಣವೂ ಶಿಶುಮರಣವೂ ಕಡಿಮೆಯಿರುವುದಕ್ಕೆ ಹೆಣ್ಣಿನ ಈ ಹೆಚ್ಚಿನ ಸ್ವಾಯತ್ತೆಯೂ ಕಾರಣ ಎಂಬುದು ಅವರ ವಾದ.

ಇದಕ್ಕೆ ಸಾಕ್ಷಿ ನಮ್ಮ ಭಾಷೆಯಲ್ಲೇ ಇದೆ. ಕನ್ನಡದಲ್ಲಿ ಅಪ್ಪನ ತಂಗಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ. ತಾಯಿಯ ತಮ್ಮನೂ ಮಾವ, ಗಂಡನ ತಂದೆಯೂ ಮಾವ. ಹೋದ ಮನೆ ಪೂರ್ತಿ ಪರಕೀಯವಲ್ಲ ಎಂದು ಆ ಪದಗಳು ಹೇಳುತ್ತವೆ. ರಕ್ತಸಂಬಂಧದ ಮದುವೆಯಿಂದ ಮಕ್ಕಳ ಆರೋಗ್ಯಕ್ಕೆ ಆಗುವ ಅಪಾಯ ಬೇರೆ ವಿಷಯ. ಅದನ್ನು ನಾನು ಸಮರ್ಥಿಸುತ್ತಿಲ್ಲ. ಅಮ್ಮನದು ಸೋದರಿಕೆಯ ಮದುವೆಯೂ ಆಗಿರಲಿಲ್ಲ. ಅವಳಿಗೆ ಒದಗಿದ್ದು ದೂರದ ಲೆಕ್ಕ. ತೌರು ಆರು ಮೈಲಿ ಇದ್ದದ್ದರಿಂದ ಅಣ್ಣನ ಸೈಕಲ್ ಹೊತ್ತಿಗೆ ಬಂತು. ಅರವತ್ತು ಮೈಲಿ ಇದ್ದಿದ್ದರೆ ಐದನೆಯದೂ ಹುಟ್ಟುತ್ತಿತ್ತೇನೋ.

ನಮ್ಮ ನಾಡಿನ ಹಳ್ಳಿಗಳಲ್ಲೇ ಈ ಬದಲಾವಣೆಯನ್ನು ಹತ್ತಿರದಿಂದ ನೋಡಿದವರು ಜಾನ್ ಕಾಲ್ಡ್‌ವೆಲ್, ಪಿ.ಎಚ್. ರೆಡ್ಡಿ ಮತ್ತು ಪ್ಯಾಟ್ ಕಾಲ್ಡ್‌ವೆಲ್. ದಕ್ಷಿಣ ಕರ್ನಾಟಕದ ಗ್ರಾಮಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ 1988ರಲ್ಲಿ ಪುಸ್ತಕ ಪ್ರಕಟಿಸಿದರು. ಮಕ್ಕಳನ್ನು ಶಾಲೆಗೆ ಕಳಿಸುವ ಖರ್ಚು, ಹುಡುಗಿಯರ ಮದುವೆಯ ವಯಸ್ಸು ಏರಿದ್ದು, ಮನೆಯೊಳಗಿನ ತೂಕ ಹಿರಿಯರ ಕಡೆಯಿಂದ ಗಂಡಹೆಂಡಿರ ಕಡೆಗೆ ವಾಲಿದ್ದು, ಇವನ್ನೆಲ್ಲ ಅವರು ಗುರುತಿಸಿದರು. ಗಂಡ ಹೆಂಡತಿ ಪರಸ್ಪರ ಮಾತಾಡಿಕೊಳ್ಳತೊಡಗಿದ್ದೇ ಒಂದು ಸಾಮಾಜಿಕ ಘಟನೆ ಎಂದು ಇಂದಿನ ಹುಡುಗ ಹುಡುಗಿಯರಿಗೆ ಹೇಳಿದರೆ ನಗುತ್ತಾರೆ. ನಮ್ಮ ಅಪ್ಪ ಅಮ್ಮ ಎಲ್ಲರೆದುರು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಯೇ ಇಲ್ಲ.

3. ರಾಮನಗರದ ಮಣಿಸರ

ಸರ್ಕಾರ ಈ ಮಾತುಕತೆಯೊಳಗೆ ಬಂದದ್ದು ಬಹಳ ಬೇಗ, ಅದೂ ನಮ್ಮಲ್ಲೇ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1930ರ ಜೂನ್ 11ರಂದು ಸಂಸ್ಥಾನದ ಪ್ರಮುಖ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಮೈಸೂರು ಸರ್ಕಾರ ಆದೇಶ ಹೊರಡಿಸಿತು. ಸರ್ಕಾರವೇ ನಡೆಸಿದ ಇಂಥ ಕ್ಲಿನಿಕ್‌ಗಳಲ್ಲಿ ಜಗತ್ತಿಗೇ ಇವು ಮೊದಲು ಎಂದು ಚರಿತ್ರೆಯ ಪುಸ್ತಕಗಳು ನೆನೆಯುತ್ತವೆ.

ಐದು ವರ್ಷದ ಮೇಲೆ, 1935ರ ಡಿಸೆಂಬರಿನಲ್ಲಿ, ಅಮೆರಿಕದ ಮಾರ್ಗರೇಟ್ ಸ್ಯಾಂಗರ್ ವಾರ್ಧಾಕ್ಕೆ ಬಂದು ಗಾಂಧೀಜಿಯವರೊಡನೆ ವಾದಕ್ಕೆ ಕೂತರು. ಸ್ಯಾಂಗರ್ ಗರ್ಭನಿರೋಧದ ಸಾಧನಗಳು ಹೆಣ್ಣಿನ ಕೈಗೆ ಬರಬೇಕು ಅಂದರು. ಗಾಂಧೀಜಿ ಸಾಧನಗಳನ್ನು ಒಪ್ಪಲಿಲ್ಲ. ಗಂಡನಿಗೆ ಬೇಡ ಎನ್ನುವುದನ್ನು ಹೆಂಡತಿ ಕಲಿಯಬೇಕು ಎಂಬುದು ಅವರ ನಿಲುವು. ಈ ವಾದದಲ್ಲಿ ಸ್ಯಾಂಗರ್ ಆಧುನಿಕರು, ಗಾಂಧೀಜಿ ಹಳಬರು ಎಂದು ತೀರ್ಪು ಕೊಡುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ಹೆಣ್ಣಿಗೆ ಬೇಡ ಎನ್ನುವ ಬಲವಿಲ್ಲದಿದ್ದರೆ ಸಾಧನ ಪೆಟ್ಟಿಗೆಯಲ್ಲೇ ಉಳಿಯುತ್ತದೆ ಎಂಬುದನ್ನು ಗಾಂಧೀಜಿ ಕಂಡಿದ್ದರು. ಆ ಬಲ ಉಪದೇಶದಿಂದ ಬರುವುದಿಲ್ಲ, ಅದು ಬರುವವರೆಗೆ ಹೆಣ್ಣಿನ ಮೈ ಕಾಯುತ್ತ ಕೂರಲಾಗದು ಎಂಬುದನ್ನು ಸ್ಯಾಂಗರ್ ಕಂಡಿದ್ದರು.

ಈ ವಾದದ ಮುಂದುವರಿಕೆ ನಡೆದದ್ದು ನಮ್ಮ ರಾಮನಗರದಲ್ಲಿ. ಸ್ವತಂತ್ರ ಭಾರತದ ಮೊದಲ ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ್ ಕೌರ್ ಗಾಂಧೀಜಿಯವರ ಶಿಷ್ಯೆ. ಸಾಧನಗಳ ಗೊಡವೆಯಿಲ್ಲದ, ದಿನ ಎಣಿಸುವ ಪದ್ಧತಿಗೆ ಮಾತ್ರ ಅವರ ಮನಸ್ಸು ಒಪ್ಪುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ, ಡಾ. ಅಬ್ರಹಾಂ ಸ್ಟೋನ್ ಅವರ ಸಲಹೆಯಂತೆ, 1952ರಿಂದ ದೆಹಲಿಯ ಲೋದಿ ಕಾಲೊನಿಯಲ್ಲೂ ರಾಮನಗರದಲ್ಲೂ ಪ್ರಯೋಗ ನಡೆಯಿತು. ಅಕ್ಷರ ಬಾರದ ಹೆಂಗಸರಿಗಾಗಿ ಬಣ್ಣಬಣ್ಣದ ಮಣಿಗಳ ಸರ ಮಾಡಿಸಿದರು. ದಿನಕ್ಕೊಂದು ಮಣಿ ಸರಿಸಬೇಕು. ಹಸಿರು ಬಂದರೆ ಅಪಾಯವಿಲ್ಲ, ಕೆಂಪು ಬಂದರೆ ದೂರವಿರಬೇಕು.

ಆ ಸರವನ್ನು ನಾನು ಮನಸ್ಸಿನಲ್ಲಿ ಎಷ್ಟೋ ಸಲ ಕೈಯಲ್ಲಿ ಹಿಡಿದಿದ್ದೇನೆ. ಸಂಜೆ ಹಿಟ್ಟು ತೊಳಸಿ, ಎಲ್ಲರಿಗೂ ಬಡಿಸಿ, ಎಮ್ಮೆಗೆ ಹುಲ್ಲು ಹಾಕಿ, ಬುಡ್ಡಿ ದೀಪದ ಬೆಳಕಿನಲ್ಲಿ ಅವಳು ಮಣಿ ಸರಿಸುತ್ತಾಳೆ. ಕೆಂಪು. ಲೆಕ್ಕ ಸರಿಯಾಗಿದೆ. ಈಗ ಅವಳು ಗಂಡನಿಗೆ ಏನು ಹೇಳಬೇಕು? ಹೇಳಿದರೆ ಅವನು ಕೇಳುತ್ತಾನೆಯೆ? ಸರ ಅದನ್ನು ಹೇಳಿಕೊಡುವುದಿಲ್ಲ. ಆ ಪ್ರಯೋಗ ಎಣಿಸಿದ ಫಲ ಕೊಡಲಿಲ್ಲ. ಹೆಂಗಸರಿಗೆ ಲೆಕ್ಕ ಬರಲಿಲ್ಲ, ಮಣಿ ತಪ್ಪಾಗಿ ಸರಿಸಿದರು ಎಂಬ ನಗೆಕತೆಗಳು ಉಳಿದವು. ರಾಮನಗರದ ಸಂತೆಯಲ್ಲಿ ರೇಷ್ಮೆ ಗೂಡಿನ ತೂಕವನ್ನು ಕಣ್ಣಳತೆಯಲ್ಲೇ ಹೇಳುವ ಹೆಂಗಸರಿಗೆ ತಿಂಗಳ ದಿನ ಎಣಿಸಲು ಬರಲಿಲ್ಲವೆಂದರೆ ನಾನಂತೂ ನಂಬುವುದಿಲ್ಲ.

4. ಕೊನೆಯ ಮಗುವಿನ ತೀರ್ಮಾನ

ಈಗಿನ ಕರ್ನಾಟಕಕ್ಕೆ ಬರೋಣ. 1992–93ರ ಮೊದಲ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಒಬ್ಬ ಹೆಣ್ಣಿಗೆ ಸರಾಸರಿ ಸುಮಾರು 2.9 ಮಕ್ಕಳು. 2019–21ರ ಐದನೆಯ ಸಮೀಕ್ಷೆಯಲ್ಲಿ 1.7. ದೇಶದ ಸರಾಸರಿ 2.0. ಜನಸಂಖ್ಯೆ ಸ್ಥಿರವಾಗಿರಲು ಬೇಕಾದದ್ದು 2.1. ಮೂವತ್ತು ವರ್ಷದೊಳಗೆ ಇಷ್ಟು ಇಳಿತ. ಹಾಗಾದರೆ ನಮ್ಮ ಹೆಣ್ಣುಮಕ್ಕಳು ಗೆದ್ದರು ಎಂದು ಚಪ್ಪಾಳೆ ತಟ್ಟಬೇಕೆನ್ನಿಸುತ್ತದೆ.

ಚಪ್ಪಾಳೆಗೆ ಮುಂಚೆ ಅದೇ ಸಮೀಕ್ಷೆಯ ಇನ್ನೂ ಕೆಲವು ಸಾಲು ಓದಬೇಕು. ಅದೇ ಕರ್ನಾಟಕದಲ್ಲಿ 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 21.3 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44.4 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದರು. ರಾಜ್ಯಗಳ ಪಟ್ಟಿಯಲ್ಲಿ ಇದು ಎಲ್ಲಕ್ಕಿಂತ ಹೆಚ್ಚು. ಮಕ್ಕಳ ಸಂಖ್ಯೆ ಇಳಿದಷ್ಟು ಹೆಣ್ಣಿನ ಬಲ ಏರಿಲ್ಲ. ಕೇರಳದ ಕತೆಯನ್ನು ಹಿಡಿದು, ಹೆಣ್ಣು ಓದಿದರೆ ಬಲ ಬರುತ್ತದೆ, ಬಲ ಬಂದರೆ ಮಕ್ಕಳು ಕಡಿಮೆಯಾಗುತ್ತಾರೆ ಎಂದು ನಾವು ಪಾಠ ಹೇಳಿಕೊಂಡು ಬಂದಿದ್ದೇವೆ. ಆ ಪಾಠದಲ್ಲಿ ಹುರುಳಿದೆ. ಆದರೆ ಬಲ ಬಾರದೆಯೂ ಮಕ್ಕಳು ಕಡಿಮೆಯಾಗಬಹುದು. ಅದಕ್ಕೆ ನಾವೇ ಉದಾಹರಣೆ.

ಹೇಗೆ ಕಡಿಮೆಯಾದರು ಎಂಬುದರಲ್ಲಿ ಉತ್ತರವಿದೆ. ಅದೇ ಸಮೀಕ್ಷೆಯ ಪ್ರಕಾರ ರಾಜ್ಯದ ವಿವಾಹಿತ ಹೆಂಗಸರಲ್ಲಿ ನೂರಕ್ಕೆ 57.4 ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಗಂಡಸರ ಶಸ್ತ್ರಚಿಕಿತ್ಸೆಯ ಕಾಲಂನಲ್ಲಿ ಇರುವ ಅಂಕಿ 0.0. ಹಿಂದೆ ಹೀಗಿರಲಿಲ್ಲ. ನನ್ನ ಅಮ್ಮ ಆಪರೇಷನ್ ಮಾಡಿಸಿಕೊಂಡ ಅರವತ್ತರ ದಶಕದಲ್ಲಿ ದೇಶದಲ್ಲಿ ಗಂಡಸರದೇ ಹೆಚ್ಚು. ತುರ್ತು ಪರಿಸ್ಥಿತಿಯ 1976–77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಮೀರಿ ಶಸ್ತ್ರಚಿಕಿತ್ಸೆಗಳು ನಡೆದವು, ಅದರಲ್ಲಿ ಸುಮಾರು 62 ಲಕ್ಷ ಗಂಡಸರದು. ಒತ್ತಾಯಕ್ಕೆ ಗಂಡಸರು ಮತದಿಂದ ಉತ್ತರ ಕೊಟ್ಟರು, ಸರ್ಕಾರ ಬಿತ್ತು. ಆಮೇಲೆ ಬಂದ ಯಾವ ಸರ್ಕಾರವೂ ಗಂಡಸರ ತಂಟೆಗೆ ಹೋಗಲಿಲ್ಲ. ಕಾರ್ಯಕ್ರಮದ ಹೆಸರು ಕುಟುಂಬ ಯೋಜನೆಯಿಂದ ಕುಟುಂಬ ಕಲ್ಯಾಣ ಎಂದಾಯಿತು, ಭಾರ ಪೂರ್ತಿ ಹೆಣ್ಣಿನ ಹೊಟ್ಟೆಯ ಮೇಲೆ ಬಿತ್ತು.

ನಮ್ಮ ಹಳ್ಳಿಯ ಹುಡುಗಿಯ ಬದುಕಿನಲ್ಲಿ ಇದು ನಡೆಯುವ ಕ್ರಮ ಹೀಗೆ. ಹತ್ತೊಂಬತ್ತಕ್ಕೆ ಮದುವೆ. ಮೂರು ತಿಂಗಳಾಗುವಷ್ಟರಲ್ಲಿ “ಏನಾದ್ರೂ ವಿಶೇಷ ಇದೆಯೇನಮ್ಮ?” ಎಂಬ ಪ್ರಶ್ನೆ ಶುರು. ಇಪ್ಪತ್ತಕ್ಕೊಂದು, ಇಪ್ಪತ್ಮೂರಕ್ಕೊಂದು. ಆರತಿಗೊಬ್ಬಳು, ಕೀರ್ತಿಗೊಬ್ಬ. ಎರಡನೆಯ ಹೆರಿಗೆಯ ಜೊತೆಗೇ ಆಪರೇಷನ್. ಮಾತ್ರೆ, ವಂಕಿ, ನಿರೋಧ್ ಎಂಬ ಹೆಸರುಗಳನ್ನು ಕೇಳಿರುತ್ತಾಳೆ, ಬಳಸುವವರು ಬೆರಳೆಣಿಕೆ. ಇಪ್ಪತ್ತೈದರ ಹೊತ್ತಿಗೆ ಅಧ್ಯಾಯ ಮುಗಿದಿರುತ್ತದೆ.

ಇಲ್ಲಿ ಅವಳು ಮಾಡಿದ ತೀರ್ಮಾನ ಯಾವುದು? ಕೊನೆಯ ಮಗು ಯಾವುದು ಎಂಬ ಒಂದೇ ತೀರ್ಮಾನ. ಮೊದಲ ಮಗು ಯಾವಾಗ, ಎರಡರ ನಡುವೆ ಎಷ್ಟು ಅಂತರ, ಎರಡನೆಯದು ಬೇಕೋ ಬೇಡವೋ, ಇವು ಅವಳ ಮುಂದೆ ಬರಲೇ ಇಲ್ಲ. ಇಬ್ಬರು ಮಕ್ಕಳಾದ ಮೇಲೆ ಸಾಕು ಎಂದರೆ ಇವತ್ತು ಅತ್ತೆಯೂ ಒಪ್ಪುತ್ತಾಳೆ, ಗಂಡನೂ ಒಪ್ಪುತ್ತಾನೆ, ಆಶಾ ಕಾರ್ಯಕರ್ತೆಯೂ ಜೊತೆಗೆ ಬರುತ್ತಾಳೆ. ಮದುವೆಯಾದ ಹೊಸತರಲ್ಲಿ ಎರಡು ವರ್ಷ ಬೇಡ ಅಂದು ನೋಡಿ, ಆಗ ಯಾರೂ ಜೊತೆಗೆ ಬರುವುದಿಲ್ಲ.

ಕನ್ನಡದಲ್ಲಿ ‘ಬಯಕೆ’ ಎಂಬ ಒಂದು ಚೆಲುವಾದ ಮಾತಿದೆ. ಬಸುರಿಯ ನಾಲಿಗೆ ಬೇಡುವುದಕ್ಕೂ ಅದೇ ಹೆಸರು. ಬಯಕೆಯ ಹೆಣ್ಣು ಮಾವಿನಕಾಯಿ ಕೇಳಿದರೆ ಮನೆಯವರು ಎಲ್ಲಿಂದಲಾದರೂ ತರುತ್ತಾರೆ. ತೀರಿಸದೆ ಹೋದರೆ ಮಗುವಿಗೆ ಕೇಡು ಎಂಬ ಭಯ. ಇಡೀ ಮನೆ ಒಬ್ಬ ಸೊಸೆಯ ಆಸೆಯನ್ನು ಕಿವಿಗೊಟ್ಟು ಕೇಳುವುದು ಆ ಕೆಲವು ತಿಂಗಳು. ನನ್ನ ಪ್ರಶ್ನೆ ಆ ತಿಂಗಳುಗಳಿಗೂ ಮುಂಚಿನ ಬಯಕೆಯದು.

5. ಗುಟ್ಟು ಮತ್ತು ಅದರ ಬೆಲೆ

ಹಾಗಾದರೆ ಹೆಣ್ಣಿನ ಕೈಗೇ ನೇರವಾಗಿ, ಯಾರಿಗೂ ತಿಳಿಯದಂತೆ ಸಾಧನ ಕೊಟ್ಟರಾಯಿತಲ್ಲ ಎನ್ನಬಹುದು. ಜಾಂಬಿಯಾ ದೇಶದಲ್ಲಿ ಇದನ್ನೇ ಪರೀಕ್ಷಿಸಿ ನೋಡಿದರು. ನವಾ ಅಶ್ರಫ್, ಎರಿಕಾ ಫೀಲ್ಡ್, ಜೀನ್ ಲೀ ಎಂಬ ಮೂವರು ಅರ್ಥಶಾಸ್ತ್ರಜ್ಞರು ಲುಸಾಕಾ ನಗರದಲ್ಲಿ ಮಾಡಿದ ಪ್ರಯೋಗ 2014ರಲ್ಲಿ ಪ್ರಕಟವಾಯಿತು. ಗರ್ಭನಿರೋಧಕ ಪಡೆಯುವ ಚೀಟಿಯನ್ನು ಕೆಲವು ಹೆಂಗಸರಿಗೆ ಒಬ್ಬರೇ ಇರುವಾಗ ಕೊಟ್ಟರು, ಕೆಲವರಿಗೆ ಗಂಡನ ಎದುರು ಕೊಟ್ಟರು. ಗಂಡನ ಎದುರು ಪಡೆದವರಲ್ಲಿ ಕ್ಲಿನಿಕ್ಕಿಗೆ ಹೋದವರು ಶೇ. 19ರಷ್ಟು ಕಡಿಮೆ, ಗುಟ್ಟಾಗಿಡಬಲ್ಲ ವಿಧಾನ ಬಳಸಿದವರು ಶೇ. 25ರಷ್ಟು ಕಡಿಮೆ, ಹೆತ್ತವರು ಶೇ. 27ರಷ್ಟು ಹೆಚ್ಚು. ಚೀಟಿ ಒಂದೇ, ಔಷಧ ಒಂದೇ. ಪಕ್ಕದಲ್ಲಿ ಯಾರಿದ್ದರು ಎಂಬುದಷ್ಟೇ ಬೇರೆ.

ಆದರೆ ಆ ಅಧ್ಯಯನ ಅಲ್ಲಿಗೆ ನಿಲ್ಲಲಿಲ್ಲ. ಒಬ್ಬರೇ ಪಡೆದು ಗುಟ್ಟಾಗಿ ಬಳಸಿದ ಗುಂಪಿನವರ ಮನಸ್ಸಿನ ನೆಮ್ಮದಿ ಕಡಿಮೆಯಾಗಿತ್ತು ಎಂಬುದನ್ನೂ ದಾಖಲಿಸಿತು. ಬೇಡದ ಬಸುರು ತಪ್ಪಿತು, ಜೊತೆಗೆ ಮುಚ್ಚಿಡುವ ಭಾರ ಬಂತು. ನಮ್ಮಲ್ಲಿ 2017ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಅಂತರ’ ಎಂಬ ಚುಚ್ಚುಮದ್ದು ಸಿಗುತ್ತಿದೆ. ಮೂರು ತಿಂಗಳಿಗೊಮ್ಮೆ ಹಾಕಿಸಿಕೊಂಡರೆ ಸಾಕು, ಮನೆಯಲ್ಲಿ ಮಾತ್ರೆಯ ಪಟ್ಟಿ ಇಟ್ಟುಕೊಳ್ಳಬೇಕಾಗಿಲ್ಲ. ಇದು ಬೇಕು. ಬುಡ್ಡಿ ದೀಪದ ಮುಂದೆ ಕೆಂಪು ಮಣಿ ಹಿಡಿದು ಕೂತವಳಿಗೆ ಇದು ಸಿಕ್ಕಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸುತ್ತದೆ. ಆದರೂ ಗುಟ್ಟು ಎನ್ನುವುದು ಬಲವಿಲ್ಲದವರ ಉಪಾಯ. ಅದನ್ನೇ ಅಧಿಕಾರ ಎಂದು ಕರೆದು ಸುಮ್ಮನಾಗಬಾರದು.

ಕಾನೂನು ನಮ್ಮ ಮನೆಗಳಿಗಿಂತ ಮುಂದಿದೆ. 1971ರ ಗರ್ಭಪಾತ ಕಾಯ್ದೆಯ ಪ್ರಕಾರ ವಯಸ್ಕ ಹೆಣ್ಣಿನ ಒಪ್ಪಿಗೆಯೊಂದೇ ಸಾಕು, ಗಂಡನ ರುಜು ಬೇಕಿಲ್ಲ. 2009ರ ಸುಚಿತಾ ಶ್ರೀವಾಸ್ತವ ಪ್ರಕರಣದಲ್ಲಿ, ಹೆರುವ ಅಥವಾ ಹೆರದಿರುವ ಆಯ್ಕೆ ಸಂವಿಧಾನದ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದ ಭಾಗ ಎಂದು ಸುಪ್ರೀಂ ಕೋರ್ಟ್ ಹೇಳಿತು. 2022ರ ಸೆಪ್ಟೆಂಬರಿನಲ್ಲಿ, ಗರ್ಭಪಾತದ ವಿಷಯದಲ್ಲಿ ಅವಿವಾಹಿತೆಯರಿಗೂ ವಿವಾಹಿತೆಯರಷ್ಟೇ ಹಕ್ಕಿದೆ ಎಂದಿತು. ಇಷ್ಟಾದರೂ “ಯಜಮಾನ್ರು ಬಂದಿದಾರಾ?” ಎಂಬ ಪ್ರಶ್ನೆ ಎಷ್ಟೋ ಕಡೆ ಕೌಂಟರಿನಿಂದ ಹೊರಡುತ್ತಲೇ ಇದೆ. ಅಮ್ಮನ ಕಾಗದ ಈಗಲೂ ಸೈಕಲ್ ಏರಿ ಹೊಲ ಹುಡುಕಿಕೊಂಡು ಹೋಗುತ್ತಿದೆ.

6. ಯಾವ ಯಜಮಾನಿ?

ಈಚಿನ ಎರಡು ಯೋಜನೆಗಳನ್ನು ಈ ಬೆಳಕಿನಲ್ಲಿ ನೋಡೋಣ. 2023ರ ಆಗಸ್ಟ್‌ನಲ್ಲಿ ಮೈಸೂರಿನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆ ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ ಕೊಡುತ್ತದೆ. ಯಜಮಾನಿ ಯಾರು? ಪಡಿತರ ಚೀಟಿಯಲ್ಲಿ ಯಜಮಾನಿ ಎಂದು ಹೆಸರಿರುವವಳು. 2013ರ ಆಹಾರ ಭದ್ರತಾ ಕಾಯ್ದೆ ಮನೆಯ ಹಿರಿಯ ಹೆಂಗಸನ್ನೇ ಯಜಮಾನಿ ಎನ್ನುತ್ತದೆ. ಕೂಡಿರುವ ಮನೆಯಲ್ಲಿ ಅದು ಅತ್ತೆ. ಹಣ ಹೆಣ್ಣಿನ ಖಾತೆಗೆ ಹೋಗುವುದು ದೊಡ್ಡ ವಿಷಯವೇ. ಎಷ್ಟೋ ಅತ್ತೆಯಂದಿರಿಗೆ ತಮ್ಮ ಹೆಸರಿನಲ್ಲಿ ಬಂದ ಮೊದಲ ಹಣ ಅದು. ಆದರೆ ಹೆರುವ ವಯಸ್ಸಿನಲ್ಲಿರುವ ಸೊಸೆಯ ಪಾಲಿಗೆ ಬೀಗದ ಕೈ ಮತ್ತೆ ಹಳೆಯ ಸೊಂಟದಲ್ಲೇ ಇದೆ.

ಇನ್ನೊಂದು ಶಕ್ತಿ ಯೋಜನೆ, ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ. ಅದು ಆರಂಭವಾದದ್ದು 2023ರ ಜೂನ್ 11ರಂದು, ಮೈಸೂರು ಸರ್ಕಾರದ ಆ ಹಳೆಯ ಆದೇಶದ ದಿನವೇ. ಕಾಕತಾಳೀಯ ಇರಬಹುದು. ನನ್ನ ಕಣ್ಣಿಗೆ ಎರಡಕ್ಕೂ ನಂಟಿದೆ. ಬಸ್ ಚಾರ್ಜಿಗೆ ಯಾರ ಮುಂದೆಯೂ ಕೈಯೊಡ್ಡದೆ ತೌರಿಗೋ ಆಸ್ಪತ್ರೆಗೋ ಹೋಗಿ ಬರಬಲ್ಲ ಸೊಸೆಗೆ ಅಣ್ಣನ ಸೈಕಲ್ಲಿಗಾಗಿ ಕಾಯುವ ಅಗತ್ಯ ಕಡಿಮೆ. ಇದರಿಂದ ಜನನ ಪ್ರಮಾಣ ಬದಲಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ತೌರಿನ ದೂರ ಕಡಿಮೆಯಾಗುತ್ತದೆ ಎಂದಷ್ಟೇ ಹೇಳುತ್ತಿದ್ದೇನೆ.

ಅಧಿಕಾರ ಬಂದ ಹೆಣ್ಣು ಯಾವಾಗಲೂ ಒಳ್ಳೆಯದನ್ನೇ ತೀರ್ಮಾನಿಸುತ್ತಾಳೆ ಎಂಬ ಭ್ರಮೆಯೂ ಬೇಡ. ಭ್ರೂಣದ ಲಿಂಗಪತ್ತೆ ತಡೆಯುವ ಕಾಯ್ದೆ 1994ರಲ್ಲೇ ಬಂತು. 2023ರ ಕೊನೆಯಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ನಡೆಸಿ ಹೆಣ್ಣು ಭ್ರೂಣ ತೆಗೆಸುತ್ತಿದ್ದ ಜಾಲ ಸಿಕ್ಕಿಬಿತ್ತು. ಬೆಲ್ಲ ಬೇಯುವ ಜಾಗ ಅದು. ಅಲ್ಲಿಗೆ ಹೋದ ಹೆಂಗಸರೆಲ್ಲ ಎಳೆಸಿಕೊಂಡು ಹೋದವರೇ ಎಂದುಕೊಂಡರೆ ನಮ್ಮನ್ನು ನಾವು ವಂಚಿಸಿಕೊಂಡಂತೆ. ಗಂಡು ಹೆತ್ತರೆ ಮಾತ್ರ ಮನೆಯಲ್ಲಿ ಮಾತು ನಡೆಯುತ್ತದೆ ಎಂಬ ಲೆಕ್ಕ ಇರುವವರೆಗೆ, ಆ ಲೆಕ್ಕ ಬಲ್ಲ ಹೆಣ್ಣು ತಾನಾಗಿಯೇ ಆ ದಾರಿ ಹಿಡಿಯಬಹುದು. ಹೆರಿಗೆಯಿಂದ ಅಧಿಕಾರ ಹುಟ್ಟುವ ಏರ್ಪಾಡಿನ ಕಡೆಯ ಫಲ ಆ ಆಲೆಮನೆ.

7. ಈಗ ಬೇಕು ಎನ್ನುವವರು

ಗಾಳಿ ಈಗ ತಿರುಗಿದೆ. 2024ರ ಅಕ್ಟೋಬರಿನಲ್ಲಿ ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಹೆಚ್ಚು ಮಕ್ಕಳನ್ನು ಹೆರಬೇಕು ಅಂದರು. ಅದೇ ತಿಂಗಳು ತಮಿಳುನಾಡಿನ ಆಗಿನ ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ಹದಿನಾರು ಮಕ್ಕಳ ಮಾತು ತೆಗೆದರು. ಒಬ್ಬರಿಗೆ ಮುದುಕರ ಸಂಖ್ಯೆ ಏರುವ ಚಿಂತೆ, ಇನ್ನೊಬ್ಬರಿಗೆ ಲೋಕಸಭಾ ಸ್ಥಾನ ಇಳಿಯುವ ಚಿಂತೆ. ಎರಡೂ ಚಿಂತೆ ನಿಜವೇ. ಆದರೆ “ಎರಡು ಸಾಕು” ಎಂದು ಗೋಡೆಯ ಮೇಲೆ ಕೆಂಪು ತ್ರಿಕೋನ ಬರೆಸಿದ ಕೈಯೇ ಈಗ “ಇನ್ನೂ ಬೇಕು” ಎಂದು ಬರೆಯುವ ಹಾಗಿದೆ. ಆ ಗೋಡೆಯ ಒಳಗಿರುವವಳನ್ನು ಆಗಲೂ ಕೇಳಿರಲಿಲ್ಲ, ಈಗಲೂ ಕೇಳಿಲ್ಲ.

ಕೇಳದಿದ್ದರೆ ಏನಾಗುತ್ತದೆ ಎಂಬುದನ್ನು ದಕ್ಷಿಣ ಕೊರಿಯಾ ತೋರಿಸಿದೆ. 2023ರಲ್ಲಿ ಅಲ್ಲಿನ ಜನನ ಪ್ರಮಾಣ 0.72ಕ್ಕೆ ಇಳಿಯಿತು. ಹೀಗೇಕಾಗುತ್ತದೆ ಎಂಬುದಕ್ಕೆ, ಯುರೋಪಿನ ದೇಶಗಳ ಅಂಕಿಅಂಶ ಹಿಡಿದು ಮಥಿಯಾಸ್ ಡೋಪ್ಕೆ ಮತ್ತು ಫೇಬಿಯನ್ ಕಿಂಡರ್‌ಮನ್ 2019ರಲ್ಲಿ ಒಂದು ಸರಳ ವಿಷಯ ತೋರಿಸಿಕೊಟ್ಟರು. ಗಂಡಹೆಂಡಿರಿಬ್ಬರೂ ಒಪ್ಪದೆ ಮಗು ಹುಟ್ಟುವುದು ಅಪರೂಪ. ಮಗುವಿನ ಆರೈಕೆಯ ಭಾರ ಹೆಣ್ಣಿನ ಮೇಲೇ ಬೀಳುವ ದೇಶಗಳಲ್ಲಿ ಬೇಡ ಎನ್ನುವವಳು ಹೆಚ್ಚಾಗಿ ಅವಳೇ. ಬೇಡ ಎನ್ನುವ ಬಲ ಬಂದ ಮೇಲೆ, ಬೇಕು ಎನ್ನಿಸುವ ಹಾಗೆ ಬದುಕನ್ನು ಹೊಂದಿಸಿಕೊಡುವ ಕೆಲಸ ಗಂಡನದು, ಕಚೇರಿಯದು, ಸರ್ಕಾರದ್ದು. 2017ರ ತಿದ್ದುಪಡಿ ಹೆರಿಗೆ ರಜೆಯನ್ನು 26 ವಾರಕ್ಕೆ ಏರಿಸಿತು. ಅಪ್ಪನ ರಜೆಯ ವಿಷಯಕ್ಕೆ ಹೋಗಲಿಲ್ಲ. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಯ ಹುಡುಗಿಯೂ ಸಾಫ್ಟ್‌ವೇರ್ ಕಂಪನಿಯ ಹುಡುಗಿಯೂ ಒಂದೇ ಲೆಕ್ಕ ಹಾಕುತ್ತಿದ್ದಾರೆ: ಮಗು ಹುಟ್ಟಿದ ಮೇಲೆ ಯಾರು ಮನೆಯಲ್ಲಿರುವುದು?

ನಾನು ಬಯಸುವ ಬದಲಾವಣೆ ದೊಡ್ಡದಲ್ಲ. ಡಾ. ಅನುಪಮಾ ನಿರಂಜನ ಅವರು ‘ಕೇಳು ಕಿಶೋರಿ’ಯಂಥ ಪುಸ್ತಕಗಳನ್ನು ಕನ್ನಡದ ಹುಡುಗಿಯರ ಕೈಗಿಟ್ಟು ದಶಕಗಳಾದವು. ವೈದ್ಯೆಯಾಗಿ ಅವರು ಮಾಡಿದ್ದು, ಮದುವೆಗೆ ಮುಂಚೆಯೇ ಮಾತು ಶುರುಮಾಡಿದ್ದು. ಜಾತಕ, ಕುಲ, ಕೊಡುವುದು ಬಿಡುವುದು ಎಲ್ಲವನ್ನೂ ವಾರಗಟ್ಟಲೆ ಮಾತಾಡುವ ನಾವು, ಹುಡುಗ ಹುಡುಗಿ ಕೂತು ಮಕ್ಕಳ ವಿಷಯ ಅರ್ಧ ಗಂಟೆ ಮಾತಾಡಿದರೆ ಮುಖ ತಿರುಗಿಸುತ್ತೇವೆ. ಆ ಅರ್ಧ ಗಂಟೆ ಬೇಕು. ಅಲ್ಲಿ ಅವಳ ‘ಬೇಡ’ ಎಂಬುದಕ್ಕೆ ಇರುವಷ್ಟೇ ಬೆಲೆ ‘ಬೇಕು’ ಎಂಬುದಕ್ಕೂ ಇರಬೇಕು, ‘ಇನ್ನೂ ಗೊತ್ತಿಲ್ಲ’ ಎಂಬುದಕ್ಕೂ ಇರಬೇಕು.

ಅಮ್ಮ ತೀರಿಕೊಳ್ಳುವುದಕ್ಕೆ ಎರಡು ವರ್ಷ ಮುಂಚೆ ಅವಳನ್ನು ಕೇಳಿದ್ದೆ. ಮನಸ್ಸಿನಲ್ಲಿ ತುಂಬ ದಿನದಿಂದ ಇದ್ದ ಪ್ರಶ್ನೆ. ಮೂರಕ್ಕೇ ನಿಲ್ಲಿಸಬೇಕು ಅಂದಿದ್ದೆಯಲ್ಲ, ಹಾಗಾದರೆ ನಾನು ಬೇಡವಾಗಿತ್ತಾ ಅಂದೆ. ಅಮ್ಮ ನನ್ನ ಮುಖ ನೋಡಿದಳು. ತಟ್ಟೆಯಲ್ಲಿದ್ದ ಅವರೆಕಾಳು ಚಿಲುಕುವುದನ್ನು ನಿಲ್ಲಿಸಲಿಲ್ಲ.

“ನಿನ್ನನ್ನ ಬೇಡ ಅಂದಿರ್ಲಿಲ್ಲ ಕಣೇ. ಕೇಳಿದ್ರೆ ಇನ್ನೊಂದಿರಲಿ ಅಂತ ನಾನೇ ಅಂತಿದ್ನೋ ಏನೋ. ಯಾರೂ ಕೇಳಲಿಲ್ಲ.”